ಏಡಿ ಬಂದ ದಿನ

ಬ್ಯಾಂಕಾಕ್
೧೪ ಫೆಬ್ರವರಿ ೧೯೮೨

ಪ್ರೀತಿಯ ಪ್ರೇಮಕ್ಕನಿಗೆ ತಮ್ಮ ಅನಂತರಾಜನ ನಮಸ್ಕಾರಗಳು.

ನಿನ್ನ ಕಾಗದ ಎಲ್ಲೆಲ್ಲೋ ಅಲೆದು ನಿನ್ನೆ ಕೈಸೇರಿತು. ವಿಳಾಸದಲ್ಲಿ ಇನ್ನೂ ಕಣ್ಣೂರು ಜಿಲ್ಲೆ ಎಂದು ಬರೆಯುತ್ತೀಯಲ್ಲ, ನಾವೀಗ ವಯನಾಡು ಜಿಲ್ಲೆಯವರು ಎಂದು ಬೈದಿದ್ದೀಯ. ಜಿಲ್ಲೆ ಹುಟ್ಟಿ ವರ್ಷ ದಾಟಿದರೂ ನನ್ನ ಕೈ ಹಳೆಯ ರೂಢಿ ಬಿಟ್ಟಿಲ್ಲ. ಈ ಸಲ ಸರಿಯಾಗಿ ಬರೆದಿದ್ದೇನೆ, ಲಕೋಟೆ ನೋಡು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಏಷ್ಯಾ ಧಾನ್ಯ ಯೋಜನೆಯವರು ಹೊಸ ಭತ್ತದ ತಳಿಯೊಂದನ್ನು ಬೇರೆ ಬೇರೆ ದೇಶಗಳಲ್ಲಿ, ರೈತರ ಗದ್ದೆಗಳಲ್ಲೇ ಬೆಳೆದು ನೋಡುವವರಿದ್ದಾರೆ. ಅದಕ್ಕೆ ಹೆಸರಿಲ್ಲ, ಹದಿನೇಳನೇ ನಂಬರು ಎನ್ನುತ್ತೇವೆ. ಕಂದು ಜಿಗಿಹುಳುವಿಗೆ ಬಗ್ಗದ ತಳಿ ಎಂದು ನಮ್ಮ ನಂಬಿಕೆ. ಜಿಗಿಹುಳು ಬಿದ್ದ ಗದ್ದೆ ಹೇಗೆ ಸುಟ್ಟಂತೆ ಒಣಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಭಾರತದಲ್ಲಿ ಎಲ್ಲಿ ಬೆಳೆಯೋಣ ಎಂದು ಕೇಳಿದಾಗ ನಾನು ವಯನಾಡು ಎಂದೆ. ಹೊಸ ಜಿಲ್ಲೆ, ಕಚೇರಿಯವರಿಗೂ ಏನಾದರೂ ಮಾಡಿ ತೋರಿಸುವ ಉಮೇದಿದೆ. ಯಾರ ಗದ್ದೆ ಎಂದಾಗ ಬಾಯಲ್ಲಿ ಬಂದದ್ದು ಅವ್ವನ ಗದ್ದೆ.

ನಾನು ಈ ಕೆಲಸವನ್ನು ಸಂಬಳಕ್ಕಾಗಿ ಮಾಡುತ್ತಿಲ್ಲ ಅಕ್ಕ. ಹೋದ ವರ್ಷ ಗಡಿಯ ನಿರಾಶ್ರಿತರ ಶಿಬಿರಕ್ಕೆ ಹೋಗಿದ್ದೆ. ಅಕ್ಕಿ ಹಂಚಿ ಮುಗಿದ ಮೇಲೆ ಒಬ್ಬಳು ಹೆಂಗಸು ನೆಲಕ್ಕೆ ಬಿದ್ದ ಕಾಳುಗಳನ್ನು ಮಣ್ಣಿನ ಸಮೇತ ಹೆಕ್ಕಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಆ ದಿನ ನನಗೆ ಊಟ ಸೇರಲಿಲ್ಲ. ಭಾವನವರನ್ನೂ ಕೇಳಿ ಬರೆ.

ನಿನ್ನ ತಮ್ಮ
ಅನಂತ

*

ಶ್ರೀ ವೀತರಾಗಾಯ ನಮಃ

ಮಾನಂದವಾಡಿ
೯ ಮಾರ್ಚ್ ೧೯೮೨

ಚಿರಂಜೀವಿ ಅನಂತನಿಗೆ ಅಕ್ಕನ ಆಶೀರ್ವಾದಗಳು.

ಗದ್ದೆಯನ್ನು ಮೊದಲು ದಾನ ಮಾಡಿ ಆಮೇಲೆ ಅಪ್ಪಣೆ ಕೇಳುತ್ತಿದ್ದೀಯ. ಚಿಕ್ಕಂದಿನಲ್ಲಿ ಉಪ್ಪಿನಕಾಯಿ ತಿಂದು ಕೈ ತೊಳೆದುಕೊಂಡು ಬಂದು, ಅಕ್ಕ ಒಂದು ಹೋಳು ತಿನ್ನಲಾ ಎಂದು ಕೇಳುತ್ತಿದ್ದವನು ನೀನೇ ಅಲ್ಲವೇ. ನಿನ್ನ ಭಾವನವರು ಎಂದಿನಂತೆ ಕಾಫಿ ಒಣಗಿಸುವುದರಲ್ಲಿ ಮುಳುಗಿದ್ದಾರೆ. ಗದ್ದೆಯ ವಿಚಾರ ಪ್ರೇಮಾವತಿಯದು, ನನ್ನನ್ನು ಎಳೆಯಬೇಡಿ ಎಂದರು.

ಅವ್ವನ ಗದ್ದೆಯಲ್ಲಿ ಗಂಧಕಶಾಲೆ ಬಿಟ್ಟು ಬೇರೆ ಭತ್ತ ಹಾಕಿ ನನಗೆ ಗೊತ್ತಿಲ್ಲ. ಆದರೂ ಆ ಹೆಂಗಸಿನ ಸುದ್ದಿ ಓದಿದ ಮೇಲೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಗಂಧಕಶಾಲೆಯನ್ನು ಈ ವರ್ಷ ಮೇಲಿನ ತುಂಡಿಗೆ ಹಾಕುತ್ತೇನೆ. ಕೆಳಗಿನದು ನಿನಗೆ.

ಒಂದೇ ಷರತ್ತು. ಆ ಗದ್ದೆಗೆ ವಿಷ ಇಳಿಯಕೂಡದು. ಕೃಷಿ ಕಚೇರಿಯವನು ಪುಡಿಯ ಚೀಲ ತಂದು ಬದುವಿನ ಮೇಲೆ ಇಳಿಸಿದಾಗ ಅವ್ವ ಅವನಿಗೆ ಮಜ್ಜಿಗೆ ಕೊಟ್ಟು, ಕುಡಿದಾದ ಮೇಲೆ ಅದೇ ಚೀಲವನ್ನು ಅವನ ಹೆಗಲ ಮೇಲೇ ಹೊರಿಸಿ ದಿಣ್ಣೆ ಹತ್ತಿಸಿದ್ದು ನೆನಪಿದೆಯಾ. ನೀನು ಹಿಂದಿನಿಂದ ನಗುತ್ತ ಓಡಿದ್ದೆ. ನಾವು ಹುಳುವನ್ನು ಕೊಂದು ಉಣ್ಣುವವರಲ್ಲ. ಇದು ಅವ್ವನ ಮಾತು, ನನ್ನದೂ ಹೌದು.

ಇನ್ನೊಂದು. ಆ ನೀರಿನಲ್ಲಿ ನಮ್ಮ ಭತ್ತವಷ್ಟೇ ಬೆಳೆಯುವುದಿಲ್ಲ. ಚೀರು ಮತ್ತು ಅವಳ ಹಾಡಿಯವರು ಅವ್ವನ ಕಾಲದಿಂದ ನಾಟಿಗೆ, ಕಳೆಗೆ, ಕೊಯ್ಲಿಗೆ ಬರುತ್ತಾರೆ. ಸಂಜೆ ಹೋಗುವಾಗ ಗದ್ದೆಯ ಏಡಿ ಹಿಡಿದುಕೊಂಡು ಹೋಗುತ್ತಾರೆ. ಮನೆ ಮುಂದೆ ಹಾದುಹೋಗುವಾಗ ಚೀರು ಬುಟ್ಟಿಯ ಮೇಲೆ ತೇಗದ ಎಲೆ ಮುಚ್ಚುತ್ತಾಳೆ. ನಾನು ಮುಖ ಆ ಕಡೆ ತಿರುಗಿಸುತ್ತೇನೆ. ಅವಳು ತೋರಿಸುವುದಿಲ್ಲ, ನಾನು ನೋಡುವುದಿಲ್ಲ. ಅವರ ಒಲೆ ಹೊತ್ತುವುದು ಅದರಿಂದಲೇ ಎಂದು ಮಾತ್ರ ಗೊತ್ತು.

ಒಪ್ಪಿಗೆ ಇದ್ದರೆ ಬೀಜ ಕಳಿಸು.

ಅಕ್ಕ
ಪ್ರೇಮಾವತಿ

*

ಬ್ಯಾಂಕಾಕ್
೨೯ ಮಾರ್ಚ್ ೧೯೮೨

ಪ್ರೀತಿಯ ಅಕ್ಕ,

ಅವ್ವನ ಗದ್ದೆಗೆ ಒಂದು ಹನಿ ಔಷಧಿ ಬೀಳುವುದಿಲ್ಲ. ಅವ್ವನ ಮೇಲೆ ಆಣೆ. ಹಾಗೆ ನೋಡಿದರೆ ನಮಗೆ ಬೇಕಾದದ್ದೂ ಅದೇ. ಔಷಧಿ ಇಲ್ಲದೆ ಈ ತಳಿ ಜಿಗಿಹುಳುವನ್ನು ತಡೆದುಕೊಳ್ಳುತ್ತದೆ ಎಂದು ತೋರಿಸಬೇಕು. ಔಷಧಿ ಕೊಳ್ಳಲಾರದ ಬಡವರಿಗಾಗಿಯೇ ಮಾಡಿದ ತಳಿ ಇದು. ನಿನ್ನ ಷರತ್ತು ಓದಿ, ನನ್ನ ಅಕ್ಕನಿಗಿಂತ ತಕ್ಕ ರೈತ ಮಹಿಳೆ ಎಲ್ಲಿ ಸಿಗುತ್ತಾಳೆ ಎಂದುಕೊಂಡೆ.

ನೋಡಿಕೊಳ್ಳಲು ಮೋಹನನ್ ಎಂಬ ಹುಡುಗ ಬರುತ್ತಾನೆ. ಕೃಷಿ ಡಿಪ್ಲೊಮಾ ಓದಿದ್ದಾನೆ. ಸಂಬಳ ಯೋಜನೆಯದು, ಊಟ ನಿನ್ನದು. ಕತ್ತಲಾಗುವ ಮೊದಲು ಉಣ್ಣಬೇಕು ಎಂದು ಮೊದಲೇ ಹೇಳಿ ಹೆದರಿಸಿದ್ದೇನೆ.

ಅನಂತ

*

ಶ್ರೀ ವೀತರಾಗಾಯ ನಮಃ

ಮಾನಂದವಾಡಿ
೩೦ ಜುಲೈ ೧೯೮೨

ಚಿ. ಅನಂತನಿಗೆ,

ನಾಟಿ ಮುಗಿದು ಪೈರು ಹಿಡಿದಿದೆ. ನಿನ್ನ ಹದಿನೇಳನೇ ನಂಬರು ಗಿಡ್ಡಗೆ, ದಪ್ಪಗೆ, ತಲೆ ಎತ್ತಿಕೊಂಡು ನಿಂತಿದೆ. ಚೀರುವಿಗೆ ಅದರ ಮೇಲೆ ಮನಸ್ಸಿಲ್ಲ. "ಇದಕ್ಕೆ ಮಣವೇ ಇಲ್ಲಲ್ಲ ಅಮ್ಮ" ಎಂದು ಮೂಗು ಮುರಿದಳು. ಗಂಧಕಶಾಲೆಯ ಪರಿಮಳಕ್ಕೆ ಒಗ್ಗಿದ ಮೂಗು ಅವಳದು. ಮೋಹನನ್ ಒಳ್ಳೆಯವನು, ಸ್ವಂತ ಅಕ್ಕನನ್ನು ಕರೆಯುವ ಹಾಗೆ ಚೇಚಿ ಚೇಚಿ ಎಂದು ಹಿಂದೆ ಮುಂದೆ ತಿರುಗುತ್ತಾನೆ. ಸಂಜೆ ಐದೂವರೆಗೆ ಎಲೆ ಹಾಕಿದರೆ ಹಸಿವಿಲ್ಲ ಎನ್ನುತ್ತಾನೆ, ಆಮೇಲೆ ಪೇಟೆಗೆ ಹೋಗಿ ಪರೋಟ ತಿಂದು ಬರುತ್ತಾನೆ. ನಮಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ.

ಇಂದು ಬೆಳಗ್ಗೆ ಅವನ ಮುಖ ಸಣ್ಣದಾಗಿತ್ತು. ಬುಡ ಬಿಡಿಸಿ ತೋರಿಸಿದ. ನೀರಿನ ಮಟ್ಟದಲ್ಲಿ ಜಿಗಿಹುಳು ಮುತ್ತಿವೆ. ಹೊಳೆಯ ಕಡೆಯ ಮೂಲೆಯಲ್ಲಿ ಹಾಸಿಗೆಯಷ್ಟು ಜಾಗ ಆಗಲೇ ಹಳದಿಯಾಗಿದೆ. ತಡೆಯುತ್ತದೆ ಎಂದಿದ್ದೆಯಲ್ಲ, ತಡೆಯುತ್ತಿಲ್ಲ ತಮ್ಮ. ಮೇಲಿನ ತುಂಡಿನ ಗಂಧಕಶಾಲೆಯಲ್ಲೂ ಇವೆ, ಆದರೆ ಅಷ್ಟಿಲ್ಲ.

ನೀರು ಬಸಿದು ನೋಡುತ್ತೇವೆ. ಹೋದರೆ ಬೆಳೆ ಹೋಯಿತು, ನೀನು ಬೇಸರ ಮಾಡಿಕೊಳ್ಳಬೇಡ. ಇದ್ದದ್ದನ್ನು ಇದ್ದ ಹಾಗೆ ನಿಮ್ಮವರಿಗೆ ಬರೆ. ಸುಳ್ಳಾದದ್ದು ತಳಿ, ನೀನಲ್ಲ. ಭಾದ್ರಪದ ಹತ್ತಿರ ಬಂತು. ಬಸದಿಯಲ್ಲಿ ಹತ್ತು ದಿನದ ಪರ್ವ ಮುಗಿಸಿಕೊಂಡು ಬಂದು ಉಳಿದದ್ದು ನೋಡೋಣ.

ಅಕ್ಕ

*

ಬ್ಯಾಂಕಾಕ್
೧೧ ಆಗಸ್ಟ್ ೧೯೮೨

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. ಮೋಹನನ್ ಜೊತೆ ಮಾತಾಡಿದ್ದೇನೆ, ಏನು ಮಾಡಬೇಕು ಎಂದು ಅವನಿಗೆ ಗೊತ್ತಿದೆ. ಸಸಿ ಎಳೆಯದಾಗಿದ್ದಾಗ ಹುಳು ಕಾಣಿಸುವುದು ಸಹಜ, ಬೆಳೆದಂತೆ ತಳಿಯ ಕಸುವು ತಾನೇ ಎದ್ದು ಬರುತ್ತದೆ. ನೀನು ಗದ್ದೆಯ ಯೋಚನೆ ಬಿಡು. ಭಾವನವರ ಜೊತೆ ಬಸದಿಗೆ ಹೋಗಿ ಹತ್ತು ದಿನವೂ ನೆಮ್ಮದಿಯಿಂದ ಪರ್ವ ಮಾಡು.

ಇಲ್ಲಿ ಕೆಲಸ ತುಂಬ ಇದೆ. ಬೇರೆ ದೇಶಗಳ ಗದ್ದೆಗಳಿಂದ ಒಳ್ಳೆಯ ಸುದ್ದಿ ಇಲ್ಲ. ನಮ್ಮ ಗದ್ದೆಯ ಮೇಲೆ ಎಲ್ಲರ ಕಣ್ಣಿದೆ.

ಅನಂತ

*

ಬ್ಯಾಂಕಾಕ್
೧ ಸೆಪ್ಟೆಂಬರ್ ೧೯೮೨

ಪೂಜ್ಯ ಅಕ್ಕ ಭಾವನವರಿಗೆ,

ಪರ್ವ ಮುಗಿದ ಈ ದಿನ, ಕಳೆದ ವರ್ಷದಲ್ಲಿ ಮನಸ್ಸಿನಿಂದಾಗಲಿ ಮಾತಿನಿಂದಾಗಲಿ ದೇಹದಿಂದಾಗಲಿ, ತಿಳಿದೋ ತಿಳಿಯದೆಯೋ ನಿಮಗೆ ನೋವು ಮಾಡಿದ್ದರೆ ಕೈಮುಗಿದು ಕ್ಷಮೆ ಬೇಡುತ್ತೇನೆ.

ಅನಂತರಾಜ

*

ಶ್ರೀ ವೀತರಾಗಾಯ ನಮಃ

ಮಾನಂದವಾಡಿ
೫ ಸೆಪ್ಟೆಂಬರ್ ೧೯೮೨

ಚಿ. ಅನಂತನಿಗೆ,

ನಾನೂ ನಿನ್ನ ಭಾವನವರೂ ನಿನ್ನಲ್ಲಿ ಕ್ಷಮೆ ಬೇಡುತ್ತೇವೆ. ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಲ್ಲದಕ್ಕೂ. ಈ ಸಲ ನೆಂಟರಿಗೆಲ್ಲ ಕ್ಷಮೆಯ ಕಾಗದ ಬರೆದು ಬರೆದು ಬೆರಳು ನೋಯುತ್ತಿದೆ. ಅರ್ಧ ಜನಕ್ಕೆ ನಾನು ಏನು ತಪ್ಪು ಮಾಡಿದ್ದೇನೋ ನನಗೇ ಗೊತ್ತಿಲ್ಲ. ಇನ್ನರ್ಧ ಜನ ಮಾಡಿದ್ದು ನನಗೆ ಚೆನ್ನಾಗಿ ಗೊತ್ತು, ಅವರು ಬರೆಯುವುದಿಲ್ಲ.

ಈಗ ಸುದ್ದಿ ಕೇಳು. ಹತ್ತು ದಿನ ನಾನು ಕೆಸರಿಗೆ ಕಾಲಿಟ್ಟಿರಲಿಲ್ಲ. ಅವ್ವ ಕಲಿಸಿದ ಹಾಗೆ, ಪರ್ವದಲ್ಲಿ ನಮ್ಮ ಪಾದದಡಿ ಒಂದು ಜೀವವೂ ಸಾಯಬಾರದು. ಮುಗಿದ ಮರುದಿನ ಹೆದರುತ್ತಲೇ ಇಳಿದೆ. ಬುಡ ಬಿಡಿಸಿ ನೋಡಿದರೆ ಹುಳುವೇ ಇಲ್ಲ. ಹಳದಿ ಮೂಲೆಯಲ್ಲೂ ಹೊಸ ಸುಳಿ. ಕಣ್ಣಲ್ಲಿ ನೀರು ಬಂತು ಅನಂತ. ಬಸದಿಗೆ ಹೋಗಿ ಎಲ್ಲರ ಮುಂದೆ ಹೇಳಿದೆ. ಒಂದು ಹುಳುವನ್ನೂ ಕೊಲ್ಲದೆ ಬೆಳೆ ಉಳಿಯಿತು ಎಂದೆ. ವಿಮಲತ್ತೆ ನನ್ನ ಕೈ ಹಿಡಿದುಕೊಂಡು ನಿನ್ನ ಅವ್ವನ ಪುಣ್ಯ ಎಂದರು.

ಗದ್ದೆ ಎಷ್ಟು ಶಾಂತವಾಗಿದೆ ಎಂದರೆ ಕಪ್ಪೆಗಳೂ ನಮ್ಮ ಜೊತೆ ಪರ್ವದ ಮೌನ ಹಿಡಿದ ಹಾಗಿದೆ. ಸಂಜೆ ಒಂದೂ ಕೂಗುವುದಿಲ್ಲ.

ಚೀರು ಒಂದು ವಾರದಿಂದ ಬಂದಿಲ್ಲ. ಮಗಳು ಕಾರ್ತುವಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾಳೆ ಎಂದು ಯಾರೋ ಹೇಳಿದರು. ಮೋಹನನ್ ಮಳೆಗಾಲದ ಜ್ವರ ಎಂದ. ಗಂಜಿ ಕಳಿಸಿದೆ, ಪಾತ್ರೆ ಹಾಗೇ ವಾಪಸ್ಸು ಬಂತು. ಯಾಕೋ ತಿಳಿಯದು.

ಅಕ್ಕ

*

ಬ್ಯಾಂಕಾಕ್
೨೪ ಸೆಪ್ಟೆಂಬರ್ ೧೯೮೨

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಸಂತೋಷವಾಯಿತು. ನಿರ್ದೇಶಕರಿಗೂ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಎರಡು ಸಲ ಕೇಳಿ, ಆ ಹೆಂಗಸನ್ನು ನಾನು ನೋಡಬೇಕು ಎಂದರು. ನವೆಂಬರಿನಲ್ಲಿ ಅವರೇ ಒಂದು ತಂಡ ಕಟ್ಟಿಕೊಂಡು ಬರುತ್ತಿದ್ದಾರೆ. ನಾನು ಬರಲಾಗುವುದಿಲ್ಲ, ಇಲ್ಲಿ ಬೇರೆ ಕೆಲಸವಿದೆ. ನೀನು ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಸಾಕು. ನಿನ್ನ ಮಾತನ್ನು ನಂಬದವರು ಯಾರು?

ಅನಂತ

*

ಶ್ರೀ ವೀತರಾಗಾಯ ನಮಃ

ಮಾನಂದವಾಡಿ
೨೨ ನವೆಂಬರ್ ೧೯೮೨

ಚಿ. ಅನಂತನಿಗೆ,

ನಿನ್ನ ದೊಡ್ಡ ಮನುಷ್ಯರು ಬಂದು ಹೋದರು. ಮೂರು ಜೀಪು ತುಂಬ ಜನ. ಅದರಲ್ಲಿ ಒಬ್ಬ ಬಿಳಿಯ ಮುದುಕ ಬೂಟು ಕಳಚಿ ಕೆಸರಿಗೆ ಇಳಿದುಬಿಟ್ಟ, ಕಚೇರಿಯವರಿಗೆ ಬೇರೆ ದಾರಿಯಿಲ್ಲದೆ ಇಸ್ತ್ರಿ ಪ್ಯಾಂಟು ಮಡಚಿ ಅವನ ಹಿಂದೆ ಇಳಿಯಬೇಕಾಯಿತು. ತೆನೆ ಬಾಗಿ ನಿಂತಿದೆ. ಇಷ್ಟು ಭತ್ತವನ್ನು ಆ ಗದ್ದೆ ಯಾವತ್ತೂ ಕೊಟ್ಟಿಲ್ಲ, ಅದನ್ನು ಒಪ್ಪಬೇಕು.

ಹೇಳಿ ಎಂದರು. ನಾನು ಮಲಯಾಳದಲ್ಲಿ ಹೇಳಿದೆ, ಕಚೇರಿಯ ದಿವಾಕರನ್ ಇಂಗ್ಲಿಷ್ ಮಾಡಿದರು. ಹುಳು ಬಂದದ್ದು, ಪರ್ವ ಬಂದದ್ದು, ಹುಳು ಹೋದದ್ದು. ಈ ಗದ್ದೆಗೆ ಒಂದು ಹನಿ ವಿಷ ಬಿದ್ದಿಲ್ಲ, ಬೀಳಲು ನಾನು ಬಿಡುವವಳಲ್ಲ ಎಂದೆ. ಆ ಮುದುಕ ನನಗೆ ಕೈಮುಗಿದ. ಫೋಟೋ ತೆಗೆದರು. ಅವ್ವ ಇರಬೇಕಿತ್ತು.

ಆಗ ಚೀರು ಬದುವಿನ ಮೇಲೆ ನಿಂತಿದ್ದಳು. ಎಷ್ಟೋ ದಿನದ ಮೇಲೆ ಕಂಡಳಲ್ಲ ಎಂದು ಕೈಸನ್ನೆ ಮಾಡಿ ಕರೆದೆ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡು ಹೊರಟುಹೋದಳು. ಅಷ್ಟು ಜನರ ಮುಂದೆ ಕೂಗಲಾಗಲಿಲ್ಲ. ಅದೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ.

ಅಕ್ಕ

*

ಬ್ಯಾಂಕಾಕ್
೧೦ ಜನವರಿ ೧೯೮೩

ಪ್ರೀತಿಯ ಅಕ್ಕ,

ತಂಡದವರು ಬಂದು ಹೋದ ಮೇಲೆ ನಾನು ಬರೆದ ಎರಡು ಕಾಗದಕ್ಕೂ ಉತ್ತರವಿಲ್ಲ. ಕೊಯ್ಲಿನ ಗಡಿಬಿಡಿ ಎಂದುಕೊಂಡಿದ್ದೇನೆ. ಇದರ ಜೊತೆ ವರದಿಯ ಪ್ರತಿ ಕಳಿಸಿದ್ದೇನೆ. ಮುಖಪುಟದಲ್ಲಿ ಯಾರಿದ್ದಾರೆ ನೋಡು. ಒಳಗೆ ನಿನ್ನ ಮಾತು ಹಾಗೇ ಇದೆ. ಆ ಒಂದು ಪುಟದಿಂದಾಗಿ ಯೋಜನೆ ನಿಲ್ಲಲಿಲ್ಲ, ಮುಂದಿನ ಮಳೆಗೆ ಮೂರು ದೇಶಗಳಿಗೆ ಬೀಜ ಹೋಗುತ್ತಿದೆ. ನನ್ನನ್ನು ಈ ಭಾಗಕ್ಕೆಲ್ಲ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ನಿನಗೆ ಒಂದು ರೇಷ್ಮೆ ಸೀರೆ ತೆಗೆದಿಟ್ಟಿದ್ದೇನೆ.

ರೇಷ್ಮೆ ಉಡುವುದಿಲ್ಲ ಎಂದು ಬರೆದ ಮೇಲೆ ನೆನಪಾಯಿತು. ಹುಳುವಿನ ನೂಲು ಅಲ್ಲವೇ. ಹತ್ತಿಯದೇ ತರುತ್ತೇನೆ.

ಅನಂತ

*

ಮಾನಂದವಾಡಿ
೬ ಫೆಬ್ರವರಿ ೧೯೮೩

ಅನಂತರಾಜನಿಗೆ,

ಕೊಯ್ಲಿಗೆ ಚೀರುವಿನ ಹಾಡಿಯಿಂದ ಒಬ್ಬರೂ ಬರಲಿಲ್ಲ. ಪುಲ್ಪಳ್ಳಿ ಕಡೆಯಿಂದ ಆಳು ಕರೆಸಿದೆವು. ಹೊಸ ಅಕ್ಕಿಯಲ್ಲಿ ಮೊದಲ ಮೊರ ಅವರದು ಎಂಬ ಪದ್ಧತಿ ನಿನಗೆ ಗೊತ್ತು. ಬಂದು ತೆಗೆದುಕೊಳ್ಳಲಿಲ್ಲ ಎಂದು ನಾನೇ ಹೊತ್ತುಕೊಂಡು ಹೋದೆ.

ಚೀರು ಕೂತುಕೋ ಎನ್ನಲಿಲ್ಲ. "ಅಕ್ಕಿ ವೇಂಡ ಅಮ್ಮ" ಎಂದಳು. ಬೇಡ ಎಂದು ಅವಳು ನನಗೆ ಹೇಳಿದ್ದು ಅದೇ ಮೊದಲು. ಒಳಗೆ ಕಾರ್ತು ಗೋಡೆಗೆ ಒರಗಿ ಕೂತಿದ್ದಳು. ಕೈ ಮಡಿಲಲ್ಲಿ ಬಿದ್ದಿತ್ತು. ಮುಷ್ಟಿ ಕಟ್ಟಲು ಬರುವುದಿಲ್ಲ ಅವಳಿಗೆ. ನಾಟಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವಳು. ಈಗ ಅವಳ ತಲೆಯನ್ನು ತಾಯಿ ಬಾಚುತ್ತಾಳೆ.

ಏನಾಯಿತು ಎಂದು ಕೇಳಿದೆ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ. ಏಡಿಗೆ ಅವರು ಞಂಡು ಎನ್ನುತ್ತಾರೆ, ಗದ್ದೆಗೆ ವಯಲು, ಔಷಧಿಗೆ ಮರುನ್ನು, ನೀನು ಮರೆತಿರಬಹುದು.

"ನಿಮ್ಮ ಪರ್ವ ತುಡಂಗಿದ ದಿವಸ ಮೋಹನನ್ ಬೆನ್ನಿಗೆ ಪಂಪು ಕಟ್ಕೊಂಡು ವಯಲಿಗೆ ಇಳಿದ. ಅಮ್ಮ ಬೇಡ ಅಂದಿದ್ರಲ್ಲ ಅಂತ ನಾನು ಕೇಳ್ದೆ. ಅಮ್ಮನೇ ಪರಞ್ಞದು, ಮರುನ್ನು ಹೊಡಿ ಅಂತ, ಅಂದ. ಆಮೇಲೆ ಞಂಡೆಲ್ಲ ಬದುವಿಗೆ ಬಂದು ಬಿದ್ದವು. ಓಡೂದಿಲ್ಲ, ಕಚ್ಚೂದಿಲ್ಲ. ತಿನ್ನಬಾರದು ಅಂತ ಕೆಲವರು ಅಂದ್ರು. ಅಮ್ಮ ಹಾಕ್ಸಿದ ಮರುನ್ನು, ಕೊಲ್ಲೂದನ್ನ ಅಮ್ಮ ಹಾಕ್ಸೂದಿಲ್ಲ ಅಂತ ನಾನೇ ಹೇಳಿ ಬುಟ್ಟಿ ತುಂಬ್ದೆ."

ಇದನ್ನು ಇನ್ನೊಂದು ಸಲ ಓದು. ನಾನು ಹುಳುವನ್ನು ಕೊಲ್ಲದವಳು ಎಂದು ನಂಬಿ ಆ ತಾಯಿ ಮಗಳಿಗೆ ಆ ಏಡಿಯನ್ನು ಬೇಯಿಸಿ ಹಾಕಿದ್ದಾಳೆ. ಆಮೇಲೆ ಅದೇ ಬದುವಿನ ಮೇಲೆ ನಿಂತು, ಒಂದು ಹನಿ ವಿಷ ಬಿದ್ದಿಲ್ಲ ಎಂದು ನಾನು ಜೀಪಿನವರಿಗೆ ಹೇಳುವುದನ್ನು ಕೇಳಿದ್ದಾಳೆ. "ಅಮ್ಮ ಇಷ್ಟು ಕಳ್ಳ ಹೇಳೂದು ನಂಗೆ ತಿಳಿದಿರಲಿಲ್ಲ" ಎಂದಳು. ಕಳ್ಳ ಎಂದರೆ ಸುಳ್ಳು ಎಂದು ಆ ಹೊತ್ತಿನಲ್ಲಿ ಯಾರೂ ನನಗೆ ತಿಳಿಸಿ ಹೇಳಬೇಕಾಗಿರಲಿಲ್ಲ. ನನಗೆ ಗೊತ್ತಿಲ್ಲ ಚೀರು, ನನಗೆ ಗೊತ್ತೇ ಇರಲಿಲ್ಲ ಎಂದೆ. ಗದ್ದೆ ನಿಮ್ಮದು, ಗೊತ್ತಿಲ್ಲ ಎಂದರೆ ಹೇಗೆ ಎಂದು ಕೇಳಿದಳು. ಅಕ್ಕಿಯ ಮೊರ ಹೊತ್ತುಕೊಂಡು ಮನೆಗೆ ಬಂದೆ.

ಮೋಹನನ್ ಯೋಜನೆಯ ಸಾಮಾನು ಕಟ್ಟಿಕೊಂಡು ಹೊರಡುವವನಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ. ಅವನು ಸುಳ್ಳು ಹೇಳಲಿಲ್ಲ, ಅಷ್ಟು ದಿನ ನಮ್ಮ ಮನೆಯ ಅನ್ನ ತಿಂದದ್ದಕ್ಕೆ ಇರಬೇಕು. "ಸಾರ್ ಆಫೀಸಿಗೆ ಟ್ರಂಕಾಲ್ ಮಾಡಿದ್ರು ಚೇಚಿ. ಆ ಹತ್ತು ದಿವಸ ಅಕ್ಕ ಗದ್ದೆಗೆ ಇಳಿಯೋದಿಲ್ಲ, ಆಗ ಮುಗಿಸಿಬಿಡು, ಯಾರಾದರೂ ಕೇಳಿದರೆ ಚೇಚಿಯೇ ಹೇಳಿದ್ದು ಅನ್ನು ಅಂತ ಹೇಳಿದ್ರು."

ಪರ್ವದಲ್ಲಿ ನಾನು ಕೆಸರಿಗೆ ಕಾಲಿಡುವುದಿಲ್ಲ ಎಂದು ಬ್ಯಾಂಕಾಕಿನಲ್ಲಿ ಯಾರಿಗೆ ಗೊತ್ತು ಅನಂತ? ಆ ಬಿಳಿಯ ಮುದುಕನಿಗೆ ಗೊತ್ತೇ? ಅವ್ವ ನಮ್ಮಿಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಹೇಳಿಕೊಟ್ಟದ್ದನ್ನು ನೀನು ನನ್ನ ಕಣ್ಣು ಕಟ್ಟುವುದಕ್ಕೆ ಬಳಸಿದೆ. ಬೇರೆ ಯಾವ ಶತ್ರುವಿಗೂ ಇದು ಹೊಳೆಯುತ್ತಿರಲಿಲ್ಲ. ಮುಗಿದ ದಿನವೇ ಕೂತು, ತಿಳಿದೋ ತಿಳಿಯದೆಯೋ ಎಂದು ಕ್ಷಮೆಯ ಕಾಗದವನ್ನೂ ಬರೆದೆ. ಅದನ್ನು ನಾನು ದೇವರ ಮುಂದೆ ಇಟ್ಟಿದ್ದೆ.

ಬಸದಿಗೆ ಹೋಗಿ ನಾನು ಹೇಳಿದ್ದು ಸುಳ್ಳು ಎಂದು ಎಲ್ಲರಿಗೂ ಹೇಳಿ ಬಂದೆ. ನಿನ್ನ ಭಾವನವರು ಆ ಹದಿನೇಳನೇ ನಂಬರಿನ ಅಕ್ಕಿಯ ಅನ್ನ ನನಗೆ ಬೇಡ ಎಂದರು.

ನನ್ನ ಬಾಯಿಂದ ಬಂದ ಸುಳ್ಳನ್ನು ನಿಮ್ಮ ವರದಿಯಿಂದ ತೆಗೆಸು. ಇಷ್ಟು ಮಾಡು.

ಪ್ರೇಮಾವತಿ

*

ಬ್ಯಾಂಕಾಕ್
೨೮ ಫೆಬ್ರವರಿ ೧೯೮೩

ಅಕ್ಕ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಕಾರ್ತುವಿನ ವಿಷಯ ನನಗೆ ತಿಳಿದಿರಲಿಲ್ಲ. ಹಾಡಿಯವರನ್ನು ನೀರಿಗೆ ಇಳಿಯಲು ಬಿಡಬೇಡ ಎಂದು ಮೋಹನನಿಗೆ ಹೇಳಿದ್ದೆ. ಅವನು ಹೇಳಲಿಲ್ಲ. ಅವಳ ಚಿಕಿತ್ಸೆಗೆ ಡ್ರಾಫ್ಟ್ ಕಳಿಸಿದ್ದೇನೆ, ಎಷ್ಟಾದರೂ ನಾನು ನೋಡಿಕೊಳ್ಳುತ್ತೇನೆ.

ಆದರೆ ನನ್ನ ಕಡೆಯದನ್ನೂ ಕೇಳು. ಆಗಸ್ಟಿನಲ್ಲಿ ಬೇರೆ ಎಲ್ಲ ಗದ್ದೆಗಳೂ ಕೈಬಿಟ್ಟಿದ್ದವು. ಒಂದು ಕಡೆ ನೆರೆ, ಒಂದು ಕಡೆ ಇಲಿ. ನಮ್ಮದೂ ಹೋಗಿದ್ದರೆ ಇಡೀ ಯೋಜನೆಗೆ ಬೀಗ ಬೀಳುತ್ತಿತ್ತು. ತಳಿ ಸುಳ್ಳಲ್ಲ ಅಕ್ಕ, ಒಂದು ವರ್ಷ ಸಮಯ ಬೇಕಿತ್ತು, ಅಷ್ಟೇ. ಮಣ್ಣಿನಿಂದ ಅಕ್ಕಿ ಹೆಕ್ಕುತ್ತಿದ್ದ ಆ ಹೆಂಗಸಿಗೆ ನಿನ್ನ ವ್ರತದಿಂದ ಹೊಟ್ಟೆ ತುಂಬುವುದಿಲ್ಲ. ಹುಳುವಿನ ಜೀವವನ್ನೂ ಅವಳ ಜೀವವನ್ನೂ ತಕ್ಕಡಿಗೆ ಹಾಕಿದೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಪರ್ವದ ದಿನಗಳನ್ನು ಆರಿಸಿದ್ದು ನಿನಗೆ ಮೋಸ ಮಾಡಲು ಅಲ್ಲ. ನೋಡಿದರೆ ನಿನಗೆ ನೋವಾಗುತ್ತದೆ, ನೋಡದಿರಲಿ ಎಂದು.

ವರದಿ ಅಚ್ಚಾಗಿ ಹೋಗಿದೆ, ಬೀಜ ಹಡಗಿನಲ್ಲಿದೆ. ಈಗ ತಿದ್ದುವುದು ಆಗದ ಮಾತು. ದಯವಿಟ್ಟು ಇದು ನಮ್ಮ ಮನೆಯೊಳಗೇ ಇರಲಿ.

ಅನಂತ

*

ಮಾನಂದವಾಡಿ
೨ ಏಪ್ರಿಲ್ ೧೯೮೩

ಅನಂತನಿಗೆ,

ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದ್ದೀಯ. ಜುಲೈಯಲ್ಲೇ ಬರೆದಿದ್ದೆನಲ್ಲ, ಹೋದರೆ ಬೆಳೆ ಹೋಯಿತು, ಇದ್ದದ್ದನ್ನು ಇದ್ದ ಹಾಗೆ ಬರೆ ಎಂದು.

ತಕ್ಕಡಿಯಲ್ಲಿ ಹುಳುವನ್ನಿಟ್ಟೆ, ಆ ಹೆಂಗಸನ್ನಿಟ್ಟೆ. ಕಾರ್ತುವನ್ನು ಎಲ್ಲಿಟ್ಟೆ? ಅವರೂ ಉಣ್ಣುವವರೇ. ನಮ್ಮ ಗದ್ದೆ ಅವರಿಗೆ ಊಟ ಕೊಡುತ್ತದೆ ಎಂದು ಮೊದಲ ಕಾಗದದಲ್ಲೇ ಬರೆದಿದ್ದೆ. ನಿಮ್ಮ ವರದಿಯಲ್ಲಿ ಭತ್ತದ ತೂಕ ಇದೆ, ಅವರ ಬುಟ್ಟಿ ಇಲ್ಲ.

ನನ್ನ ಫೋಟೋ ನೋಡಿ, ಈ ಹೆಂಗಸು ಸುಳ್ಳು ಹೇಳುವವಳಂತೆ ಕಾಣುವುದಿಲ್ಲ ಎಂದು ಆ ಮೂರು ದೇಶಗಳಲ್ಲಿ ಯಾರೋ ಒಬ್ಬಳು ಅದೇ ಬೀಜ ಬಿತ್ತುತ್ತಾಳೆ. ಔಷಧಿ ಕೊಳ್ಳಲಾರದವಳು. ಹುಳು ಬಂದಾಗ ಅವಳು ಯಾರನ್ನು ಶಪಿಸಬೇಕು? ನಿನ್ನನ್ನಲ್ಲ, ನೀನು ಮುಖಪುಟದಲ್ಲಿಲ್ಲ.

ಶಾಲೆಯ ಅಚ್ಯುತನ್ ಮಾಷ್ ಹತ್ತಿರ ಇಂಗ್ಲಿಷಿನಲ್ಲಿ ಬರೆಸಿ ನಿಮ್ಮ ನಿರ್ದೇಶಕರಿಗೆ ಇಂದು ಕಳಿಸುತ್ತಿದ್ದೇನೆ. ನಡೆದದ್ದು ಎಲ್ಲವೂ ಅದರಲ್ಲಿದೆ. ನಿನ್ನ ಬೆನ್ನ ಹಿಂದೆ ಮಾಡಬಾರದು ಎಂದು ಮೊದಲು ನಿನಗೆ ತಿಳಿಸಿದೆ. ಡ್ರಾಫ್ಟನ್ನು ಚೀರುವಿನ ಮುಂದೆ ಇಟ್ಟೆ, ಯಾರದು ಎಂದೂ ಹೇಳಿದೆ. ಮುಟ್ಟಲಿಲ್ಲ. ವಾಪಸ್ಸು ಕಳಿಸಿದ್ದೇನೆ. ಕಾರ್ತುವನ್ನು ನಾವೇ ಕೋಳಿಕ್ಕೋಡಿಗೆ ಕರೆದುಕೊಂಡು ಹೋಗುತ್ತೇವೆ. ಅದಕ್ಕೆ ಮಾತ್ರ ಚೀರು ಒಪ್ಪಿದ್ದಾಳೆ.

ಪ್ರೇಮಾವತಿ

*

ಬ್ಯಾಂಕಾಕ್
೧೯ ಜೂನ್ ೧೯೮೩

ಅಕ್ಕ,

ನಿನ್ನ ಕಾಗದವನ್ನು ನನ್ನ ಮುಂದೆಯೇ ಓದಿದರು. ಸಹಿ ನಿನ್ನದೇ ಎಂದು ನನ್ನ ಬಾಯಿಂದಲೇ ಹೇಳಿಸಿದರು. ನನ್ನನ್ನು ಕೆಲಸದಿಂದ ಬಿಡಿಸಿದ್ದಾರೆ. ವರದಿಯನ್ನು ಹಿಂದಕ್ಕೆ ಪಡೆಯುತ್ತಾರಂತೆ. ಎರಡು ದೇಶಗಳಲ್ಲಿ ಬೀಜ ಆಗಲೇ ರೈತರ ಕೈ ಸೇರಿಯಾಗಿದೆ.

ಹದಿನಾಲ್ಕು ವರ್ಷದ ಕೆಲಸ. ಬೇರೆ ಯಾರೇ ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ಅವ್ವ ಸತ್ತ ಮೇಲೆ ತಾಯಿ ಎಂದುಕೊಂಡಿದ್ದವಳು ನೀನು. ನನ್ನನ್ನು ಬೈದಿದ್ದರೆ, ಹೊಡೆದಿದ್ದರೆ ಆಗುತ್ತಿತ್ತು. ನೀನು ನನ್ನನ್ನು ಹಿಡಿದುಕೊಟ್ಟೆ. ಮೊದಲೇ ತಿಳಿಸಿದೆ ಎನ್ನುತ್ತೀಯ, ತಿಳಿಸಿದರೆ ಕತ್ತಿ ಮೊಂಡಾಗುತ್ತದೆಯೇ.

ಇನ್ನು ಬರೆಯುವುದಿಲ್ಲ.

ಅನಂತರಾಜ

*

ಬ್ಯಾಂಕಾಕ್
೨೧ ಸೆಪ್ಟೆಂಬರ್ ೧೯೮೩

ಅಕ್ಕನಿಗೆ,

ಬರೆಯುವುದಿಲ್ಲ ಎಂದಿದ್ದೆ. ನಿನ್ನೆ ಪರ್ವ ಮುಗಿಯಿತು. ಇಲ್ಲಿ ಬಸದಿ ಇಲ್ಲ. ಹತ್ತು ದಿನವೂ ಹೊತ್ತು ಮುಳುಗುವ ಮುಂಚೆ ಒಬ್ಬನೇ ಕೂತು ಉಂಡೆ. ಎಷ್ಟು ವರ್ಷದ ಮೇಲೆ ಹಾಗೆ ಉಂಡೆನೋ.

ವಾಡಿಕೆಯ ಹಾಗೆ ಬರೆಯಲು ಹೊರಟು, ತಿಳಿದೋ ತಿಳಿಯದೆಯೋ ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ತಿಳಿದೇ ಮಾಡಿದೆ ಅಕ್ಕ. ನಿನಗೆ ನೋವಾಗದಿರಲಿ ಎಂದು ಆ ದಿನಗಳನ್ನು ಆರಿಸಿದೆ ಎಂದಿದ್ದು ಸುಳ್ಳು. ಸಿಕ್ಕಿಬೀಳಬಾರದು ಎಂದು ಆರಿಸಿದೆ. ನಿನ್ನ ಮಾತನ್ನು ಎಲ್ಲರೂ ನಂಬುತ್ತಾರೆ ಎಂದು ನನಗೆ ಗೊತ್ತಿತ್ತು. ನೀನು ನಿಜ ಎಂದುಕೊಂಡೇ ಹೇಳಬೇಕಿತ್ತು, ಅದಕ್ಕೇ ನಿನಗೆ ತಿಳಿಸಲಿಲ್ಲ.

ನಾನು ಊರಿಗೆ ಬರಬೇಕೆಂದಿದ್ದೇನೆ. ಕ್ಷಮಿಸಿದೆ ಎಂದು ಒಂದು ಸಾಲು ಬರೆ, ಹೊರಡುತ್ತೇನೆ.

ಅನಂತ

*

ಶ್ರೀ ವೀತರಾಗಾಯ ನಮಃ

ಮಾನಂದವಾಡಿ
೧೬ ಅಕ್ಟೋಬರ್ ೧೯೮೩

ಅನಂತನಿಗೆ,

ನಿನ್ನ ಕಾಗದ ಬಂದು ಹತ್ತು ಹನ್ನೆರಡು ದಿನವಾಯಿತು. ದಿನವೂ ಬರೆಯಲು ಕೂತು ಎದ್ದಿದ್ದೇನೆ. ನಿಜ ಬರೆದಿದ್ದೀಯ. ಅದನ್ನು ಓದಿದ ಮೇಲೆ ಅತ್ತೆ. ಮೊದಲು ಬಂದ ಕಾಗದಕ್ಕಿಂತ ಇದು ಹೆಚ್ಚು ನೋಯಿಸಿತು, ಯಾಕೆಂದರೆ ಇದನ್ನು ಬರೆದವನು ನನ್ನ ತಮ್ಮ ಎಂದು ಗುರುತು ಸಿಕ್ಕಿತು.

ಕೆಳಗಿನ ಗದ್ದೆಗೆ ಈ ವರ್ಷ ಗಂಧಕಶಾಲೆಯನ್ನೇ ಹಾಕಿದ್ದೇನೆ. ನಾಟಿ ಮಾಡಿದವರು ಬೇರೆಯವರು. ಹೊಳೆಯ ನೀರು ತಿರುಗಿಸಿ, ಬಸಿದು, ಮತ್ತೆ ತಿರುಗಿಸಿ ಮಣ್ಣು ತೊಳೆಸಿದೆ. ಕಪ್ಪೆಗಳು ಅಲ್ಲೊಂದು ಇಲ್ಲೊಂದು ಕೂಗುತ್ತವೆ. ಕೋಳಿಕ್ಕೋಡಿನ ಡಾಕ್ಟರು ಕಾರ್ತುವಿನ ಎಡಗೈ ಸ್ವಲ್ಪ ಸರಿಯಾದೀತು ಎಂದಿದ್ದಾರೆ. ಬಲಗೈ ಬಗ್ಗೆ ಏನೂ ಹೇಳಲಿಲ್ಲ.

ಪರ್ವ ಮುಗಿದ ಮರುದಿನ ನಾನು ಯಾರಿಗೂ ಕಾಗದ ಬರೆಯಲಿಲ್ಲ. ಹಾಡಿಗೆ ಹೋದೆ. ಅಷ್ಟು ವರ್ಷ ನೆಂಟರಿಗೆಲ್ಲ ಕ್ಷಮೆ ಕೇಳಿ ಬರೆದಿದ್ದೇನೆ, ಚೀರುವನ್ನು ಒಂದು ಸಲವೂ ಕೇಳಿರಲಿಲ್ಲ. ಅಂಗಳದಲ್ಲಿ ನಿಂತು ಕೈಮುಗಿದು ಕೇಳಿದೆ. ಚೀರು ಕಾರ್ತುವಿಗೆ ಉಣಿಸುತ್ತಿದ್ದಳು. ಕೊನೆಯ ತುತ್ತಿನ ತನಕ ಉಣಿಸಿದಳು. ಆಮೇಲೆ ಕೈ ತೊಳೆದುಕೊಂಡು ಬಂದು, "ಅದನ್ನ ತಕ್ಕೊಂಡು ನಾನು ಎಂತ ಮಾಡ್ಲಿ ಅಮ್ಮ. ನಿಮ್ಮ ವಯಲಲ್ಲಿ ಞಂಡು ಬಂದ ದಿವಸ ಹೇಳಿ ಕಳಿಸಿ. ನಾಟಿ ಕೊಯ್ಲು ಪಣಿಗೆಲ್ಲ ಬರ್ತೀನಿ" ಎಂದಳು. ಕೋಪದಿಂದ ಹೇಳಲಿಲ್ಲ.

ಅಂದಿನಿಂದ ದಿನಾ ಬೆಳಗ್ಗೆ ಬದುವಿನ ಮೇಲೆ ಹೋಗಿ ಕೂರುತ್ತೇನೆ. ಬುಟ್ಟಿ ಕಂಡರೆ ಮುಖ ತಿರುಗಿಸುತ್ತಿದ್ದವಳು ಈಗ ಬಗ್ಗಿ ಬಗ್ಗಿ ಏಡಿಯ ಬಿಲ ಹುಡುಕುತ್ತಿದ್ದೇನೆ. ನಿನ್ನ ಭಾವನವರು ಛತ್ರಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಹಳೆಯ ಬಿಲಗಳೆಲ್ಲ ಮಣ್ಣು ಕುಸಿದು ಮುಚ್ಚಿವೆ. ಹೊಸದು ಒಂದೂ ಕಾಣಲಿಲ್ಲ.

ಒಂದು ಸಾಲು ಬರೆ ಎಂದಿದ್ದೀಯ. ಚೀರು ನನಗೆ ಕೊಡದೆ ಇದ್ದದ್ದನ್ನು ನಾನು ನಿನಗೆ ಹೇಗೆ ಕೊಡಲಿ. ಬರಬೇಡ. ಏಡಿ ಬಂದ ದಿನ ಮೊದಲು ಅವಳಿಗೆ ಹೇಳಿ ಕಳಿಸುತ್ತೇನೆ, ಆಮೇಲೆ ನಿನಗೆ ಬರೆಯುತ್ತೇನೆ.

ಅಕ್ಕ
ಪ್ರೇಮಾವತಿ